ನಿಮ್ಮ ವಿಧಾನಸಭಾ ಕ್ಷೇತ್ರದ ಚರಿತ್ರೆ ಹುಡುಕಬೇಕಾ? ಹೋಬಳಿಯಿಂದ ಶುರು ಮಾಡಿ

ನಮ್ಮದು ಆಲ್ದೂರು ಹೋಬಳಿ. ತಾಲ್ಲೂಕು ಕಚೇರಿ ಕೆಲಸ ಇದ್ದರೆ ಚಿಕ್ಕಮಗಳೂರಿಗೆ ಹೋಗುತ್ತೇವೆ, ವೋಟು ಹಾಕುವುದು ಮಾತ್ರ ಮೂಡಿಗೆರೆ ಕ್ಷೇತ್ರಕ್ಕೆ. ಖಾಂಡ್ಯದವರದ್ದೂ ಚಿಕ್ಕಮಗಳೂರು ತಾಲ್ಲೂಕೇ, ಆದರೆ ಅವರ ಶಾಸಕರು ಶೃಂಗೇರಿಯವರು. ಕಡೂರು ತಾಲ್ಲೂಕಿನ ಸಖರಾಯಪಟ್ಟಣ ಚಿಕ್ಕಮಗಳೂರು ಕ್ಷೇತ್ರದಲ್ಲಿದೆ. ಹಾಗಾಗಿ ಕ್ಷೇತ್ರದ ಚರಿತ್ರೆ ಹುಡುಕಲು ಹೊರಟವರು ತಾಲ್ಲೂಕಿನ ಹೆಸರು ಹಿಡಿದು ಹೋದರೆ ಮೊದಲ ದಿನವೇ ದಾರಿ ತಪ್ಪುತ್ತಾರೆ.

ಮೊದಲು ನಿಮ್ಮ ಮನೆಯವರ ಹೆಸರಿರುವ ಮತದಾರರ ಪಟ್ಟಿ ತೆಗೆಯಿರಿ. ಮೊದಲ ಪುಟದಲ್ಲೇ ಕ್ಷೇತ್ರದ ಹೆಸರು, ಸಂಖ್ಯೆ, ಭಾಗ ಸಂಖ್ಯೆ ಇರುತ್ತದೆ. ನಮ್ಮ ಜಿಲ್ಲೆಯಲ್ಲಿ ಶೃಂಗೇರಿ 123, ಮೂಡಿಗೆರೆ 124, ಚಿಕ್ಕಮಗಳೂರು 125, ತರೀಕೆರೆ 126, ಕಡೂರು 127. ಈ ಸಂಖ್ಯೆ ಹಿಡಿದು ಹಳೇ ಫಲಿತಾಂಶ ಹುಡುಕಬೇಡಿ, ಇದು 2008ರಿಂದ ಈಚೆಗಿನದು.

ಆಮೇಲೆ ಗಡಿ. ಸುಮ್ನೆ ಇದನ್ನು ಹಾರಿಸಿ ಗೆದ್ದವರ ಪಟ್ಟಿಗೆ ಹೋಗಬೇಡಿ, ಎಲ್ಲರೂ ಎಡವುವುದು ಇಲ್ಲೇ. ವಿಧಾನಸಭೆಯಲ್ಲಿ 1952ರಲ್ಲಿ ಇದ್ದದ್ದು 99 ಸ್ಥಾನ. ರಾಜ್ಯ ಒಂದಾದ ಮೇಲೆ 1957ರಲ್ಲಿ 208 ಆಯಿತು, 1967ರಲ್ಲಿ 216, 1978ರಿಂದ ಈವರೆಗೆ 224. ಸ್ಥಾನ ಹೆಚ್ಚಾದಾಗಲೆಲ್ಲ ಗಡಿ ಹೊಸದಾಗಿ ಬರೆದಿದ್ದಾರೆ. 2008ರಲ್ಲಿ ಸ್ಥಾನ ಹೆಚ್ಚಲಿಲ್ಲ, ಗಡಿ ಮಾತ್ರ ಪೂರ್ತಿ ಬದಲಾಯಿತು. ಆಗ ನಮ್ಮ ಜಿಲ್ಲೆಯ ಬೀರೂರು ಕ್ಷೇತ್ರವೇ ಹೋಯಿತು, ಆರು ಇದ್ದದ್ದು ಐದಾಯಿತು. ಪಕ್ಕದ ಹಾಸನದಲ್ಲಿ ಗಂಡಸಿ ಹೋಯಿತು. ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಬೇಲೂರು ಸಾಮಾನ್ಯ ಆಯಿತು, ಸಕಲೇಶಪುರ ಮೀಸಲಾಯಿತು. ಹಾಗಾಗಿ 2004ರ ಮತ್ತು 2008ರ ಮತಗಳನ್ನು ಪಕ್ಕಪಕ್ಕ ಇಟ್ಟು 'ಈ ಪಕ್ಷ ಇಷ್ಟು ಕಳೆದುಕೊಂಡಿತು' ಅಂತ ಬರೆದರೆ ತಪ್ಪಾಗುತ್ತದೆ. ಹೆಸರು ಒಂದೇ, ಊರುಗಳು ಬೇರೆ ಅಲ್ವಾ? 2008ರ ಕ್ಷೇತ್ರ ಪುನರ್ವಿಂಗಡಣೆ ಆದೇಶ ನೋಡಿ ಯಾವ ಭಾಗ ಯಾವ ಕ್ಷೇತ್ರಕ್ಕೆ ಹೋಯಿತು ಅಂತ ಪುಸ್ತಕದಲ್ಲಿ ಬರೆದುಕೊಳ್ಳಿ. ಆಮೇಲೆ ಕಳಸ, ಅಜ್ಜಂಪುರ ಹೊಸ ತಾಲ್ಲೂಕುಗಳಾದವು, ಅದರಿಂದ ಕ್ಷೇತ್ರದ ಗಡಿ ಏನೂ ಬದಲಾಗಲಿಲ್ಲ.

ಗೆದ್ದವರ ಹೆಸರಿಗೆ ಚುನಾವಣಾ ಆಯೋಗದ ಅಂಕಿಅಂಶ ವರದಿಗಳಿವೆ, ಮೊದಲ ಚುನಾವಣೆಯಿಂದ ಎಲ್ಲವೂ ಪುಕ್ಕಟೆ ಸಿಗುತ್ತವೆ. ಅವು ಇಂಗ್ಲಿಷಿನಲ್ಲಿವೆ, ಊರಿನ ಹೆಸರು ಹಳೇ 'ಚಿಕ್‌ಮಗಳೂರ್' (Chikmagalur) ಕಾಗುಣಿತದಲ್ಲಿರುತ್ತದೆ, ಹಾಗೇ ಹುಡುಕಿ. 1952 ಮತ್ತು 1957ರ ವರದಿಗಳಲ್ಲಿ ಕೆಲವು ಕ್ಷೇತ್ರಕ್ಕೆ ಇಬ್ಬರು ಗೆದ್ದವರು ಕಂಡರೆ ಗಾಬರಿ ಬೇಡ, ಆಗ ದ್ವಿಸದಸ್ಯ ಕ್ಷೇತ್ರಗಳಿದ್ದವು, 1962ರ ಚುನಾವಣೆ ಹೊತ್ತಿಗೆ ರದ್ದಾದವು.

ಉಪಚುನಾವಣೆಯನ್ನು ಮಾತ್ರ ಮರೆಯಬೇಡಿ. ಕಡೂರನ್ನೇ ನೋಡಿ. 2008ರ ವರದಿಯಲ್ಲಿ ಕಾಂಗ್ರೆಸ್ಸಿನ ಕೆ.ಎಂ. ಕೃಷ್ಣಮೂರ್ತಿ ಇದ್ದಾರೆ, 2013ರದ್ದರಲ್ಲಿ ಜೆಡಿಎಸ್‌ನ ವೈ.ಎಸ್.ವಿ. ದತ್ತ. ಕೃಷ್ಣಮೂರ್ತಿ ತೀರಿಕೊಂಡ ಮೇಲೆ 2010ರಲ್ಲಿ ಉಪಚುನಾವಣೆ ಆಗಿ ಬಿಜೆಪಿಯ ಡಾ. ವೈ.ಸಿ. ವಿಶ್ವನಾಥ್ ಗೆದ್ದಿದ್ದರು. ಎರಡೂ ವರದಿ ಓದಿದರೂ ಅವರ ಹೆಸರು ಸಿಗುವುದಿಲ್ಲ! ಉಪಚುನಾವಣೆಗಳ ಪಟ್ಟಿ ಬೇರೆಯೇ ಇದೆ, ಅದನ್ನೂ ತೆಗೆದು ನೋಡಿ.

ನಿಮ್ಮೂರು ಯಾರಿಗೆ ಹಾಕಿತು ಅಂತ ತಿಳಿಯಬೇಕಾದರೆ ನಮೂನೆ 20 ಬೇಕು. ಮತಗಟ್ಟೆ ಮತಗಟ್ಟೆಯ ಲೆಕ್ಕ ಅದರಲ್ಲಿದೆ, ಇತ್ತೀಚಿನ ಚುನಾವಣೆಗಳದ್ದು ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿದೆ. ಮತಗಟ್ಟೆ ಸಂಖ್ಯೆಗಳು ಚುನಾವಣೆಯಿಂದ ಚುನಾವಣೆಗೆ ಬದಲಾಗುತ್ತವೆ, ಶಾಲೆಯ ಹೆಸರು ನೋಡಿಯೇ ಹೊಂದಿಸಿ.

ಲೋಕಸಭೆಯ ಲೆಕ್ಕವನ್ನು ಇದರ ಜೊತೆ ಬೆರೆಸಬೇಡಿ. 1978ರಲ್ಲಿ ಇಂದಿರಾ ಗಾಂಧಿ ಗೆದ್ದದ್ದು ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆ, ವಿಧಾನಸಭೆಗೂ ಅದಕ್ಕೂ ಸಂಬಂಧವಿಲ್ಲ. ಈಗಂತೂ ನಮ್ಮ ನಾಲ್ಕು ಕ್ಷೇತ್ರಗಳು ಉಡುಪಿ ಜೊತೆಗಿವೆ, ಕಡೂರು ಒಂದು ಹಾಸನಕ್ಕೆ ಸೇರಿದೆ.

ಗೆದ್ದ ಮೇಲೆ ಏನು ಮಾಡಿದರು ಅನ್ನುವುದು ನನಗೆ ಎಲ್ಲಕ್ಕಿಂತ ಜಾಸ್ತಿ ಮುಖ್ಯ. ಶಾಸಕರು ಸದನದಲ್ಲಿ ಕೇಳುವ ಪ್ರಶ್ನೆಗಳಲ್ಲಿ ಚುಕ್ಕೆ ಗುರುತಿನವು, ಗುರುತಿಲ್ಲದವು ಅಂತ ಎರಡು ಬಗೆ. ಮೊದಲನೆಯದಕ್ಕೆ ಸಚಿವರು ಸದನದಲ್ಲೇ ಉತ್ತರಿಸುತ್ತಾರೆ, ಎರಡನೆಯದಕ್ಕೆ ಬರಹದಲ್ಲಿ. ಪ್ರಶ್ನೋತ್ತರಗಳು ವಿಧಾನಸಭೆಯ ಜಾಲತಾಣದಲ್ಲಿವೆ, ಕನ್ನಡದಲ್ಲೇ ಇವೆ. ಮೂಡಿಗೆರೆಗೆ ಮೋಟಮ್ಮ ಶಾಸಕಿಯಾಗಿದ್ದರು, ಸಚಿವೆಯೂ ಆದರು, 2023ರಲ್ಲಿ ಅವರ ಮಗಳು ನಯನಾ ಮೋಟಮ್ಮ ಗೆದ್ದರು. ಇಷ್ಟು ಎಲ್ಲರಿಗೂ ಗೊತ್ತು. ಆನೆ ಹಾವಳಿ ಬಗ್ಗೆ, ಕಾಫಿ ತೋಟದ ಕಾರ್ಮಿಕರ ಮನೆಗಳ ಬಗ್ಗೆ ಯಾವ ಶಾಸಕರು ಯಾವ ವರ್ಷ ಏನು ಕೇಳಿದರು, ಸರ್ಕಾರ ಏನು ಹೇಳಿತು ಅಂತ ಹುಡುಕಿ ಬರೆದಿಡಿ. ಸಿಕ್ಕ ಉತ್ತರದ ಒಂದು ಪ್ರತಿ ತೆಗೆದು ಊರಿನ ಹಿರಿಯರಿಗೆ ಓದಿ ಹೇಳಿ. ಸರ್ಕಾರ ಹೇಳಿದ ಕೆಲಸ ಆಯಿತಾ ಇಲ್ಲವಾ ಅಂತ ಅವರೇ ಹೇಳುತ್ತಾರೆ, ಅದನ್ನೂ ತಾರೀಖು ಹಾಕಿ ಅದೇ ಪುಟದಲ್ಲಿ ಬರೆದುಕೊಳ್ಳಿ.