ಸ್ಪೆಕ್ಟ್ರಮ್‌ನ ಟೇಪ್ ರೆಕಾರ್ಡರ್ ಜೊತೆ ಎಂಟು ತಿಂಗಳ ಗುದ್ದಾಟ

ನನ್ನ ಹಳೇ ಕಂಪ್ಯೂಟರಿಗೆ ಟೇಪ್ ರೆಕಾರ್ಡರಿನಿಂದ ಪ್ರೋಗ್ರಾಂ ಕೊನೆಗೂ ಲೋಡ್ ಆಯ್ತು! ಅದೂ ಒಂದಲ್ಲ, ಸಾಲಾಗಿ ಹನ್ನೊಂದು ಕ್ಯಾಸೆಟ್. 'ಅದನ್ನ ಗುಜರಿಗೆ ಹಾಕು, ಮೊಬೈಲಿಂದ ಆಡಿಯೋ ಫೈಲ್ ಹಾಕ್ಕೋ, ಸುಮ್ನೆ ಯಾಕೆ ಒದ್ದಾಡ್ತೀಯ' ಅಂತ ತಲೆ ತಿಂದವರೆಲ್ಲ ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ನನ್ನದು 48ಕೆ ಝಡ್‌ಎಕ್ಸ್ ಸ್ಪೆಕ್ಟ್ರಮ್. ಎಂಬತ್ತರ ದಶಕದ ಮನೆ ಕಂಪ್ಯೂಟರ್, ಪ್ರೋಗ್ರಾಮನ್ನು ಆಡಿಯೋ ಕ್ಯಾಸೆಟ್ಟಿನ ಸದ್ದಿನಿಂದ ಓದಿಕೊಳ್ಳುತ್ತದೆ. ಜೊತೆಗೆ ಒಂದು ಮಾಮೂಲಿ ಮೋನೋ ರೆಕಾರ್ಡರ್. ಲೋಡ್ ಆಗುವಾಗ ಪರದೆಯ ಅಂಚಿನಲ್ಲಿ ಕೆಂಪು-ಸಯಾನ್ ಪಟ್ಟೆ ಸೊಗಸಾಗಿ ಬರುತ್ತಿತ್ತು, ಪ್ರೋಗ್ರಾಂ ಹೆಸರೂ ಬರುತ್ತಿತ್ತು. ಹೆಸರು ಹೊತ್ತು ಮೊದಲು ಬರುವ ತುಣುಕು, ಅಂದರೆ ಹೆಡರ್, ಎಲ್ಲಾ ಸೇರಿ 19 ಬೈಟ್ ಅಷ್ಟೇ ಅಲ್ವಾ, ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ದಾಟಿಹೋಗುತ್ತದೆ. ಆಮೇಲೆ ಪ್ರೋಗ್ರಾಮಿನ ನೀಲಿ-ಹಳದಿ ಪಟ್ಟೆ ಶುರುವಾಗಿ, ಒಮ್ಮೆ ಅರ್ಧ ದಾರಿಯಲ್ಲಿ, ಇನ್ನೊಮ್ಮೆ ಇನ್ನೇನು ಮುಗಿಯಿತು ಅನ್ನುವಾಗ, 'ಟೇಪ್ ಲೋಡಿಂಗ್ ಎರರ್'. ನಾಲ್ಕು ನಿಮಿಷ ಉಸಿರು ಬಿಗಿಹಿಡಿದು ಕೂತಿದ್ದು ದಂಡ.

ರೆಕಾರ್ಡರ್ ಬಿಚ್ಚಿದರೆ ಬೆಲ್ಟ್ ಡಾಂಬರಿನ ಹಾಗೆ ಕರಗಿ ಫ್ಲೈವೀಲ್‌ಗೆ ಮೆತ್ತಿಕೊಂಡಿತ್ತು. ಅದನ್ನು ಒರೆಸುವುದಕ್ಕೇ ಒಂದು ದಿನ ಹೋಯಿತು. ಮೊದಲು ರಬ್ಬರ್ ಬ್ಯಾಂಡ್ ಹಾಕಿ ನೋಡಿದೆ. ನಗಬೇಡಿ, ನೀವೂ ಹಾಕಿರುತ್ತೀರಿ. ಆಮೇಲೆ ತಂದ ಬೆಲ್ಟ್ ಬಿಗಿಯಾಗಿ ಮೋಟಾರ್ ಏದುಸಿರು ಬಿಟ್ಟಿತು. ಮೂರನೆಯದು ಸರಿಹೋಯಿತು, ಎರರ್ ಮಾತ್ರ ಅಲ್ಲೇ ಇತ್ತು. 'ಕೆಪಾಸಿಟರ್ ಒಣಗಿರುತ್ತೆ' ಅಂದರು, ಒಂಬತ್ತೋ ಹತ್ತೋ ಬದಲಾಯಿಸಿದೆ. 'ಮೋಟಾರೇ ಹೋಗಿದೆ' ಅಂದರು, ಮೋಟಾರ್ ತರಿಸಿದೆ. ಆ ಮೋಟಾರಿಗೆ ಕೊಟ್ಟ ದುಡ್ಡಿನಲ್ಲಿ ಇಂಥದ್ದೇ ಇನ್ನೊಂದು ರೆಕಾರ್ಡರ್ ಬಂದು, ಮೇಲೆ ಚಿಲ್ಲರೆಯೂ ಉಳಿಯುತ್ತಿತ್ತು. ಹಳೇ ಮೋಟಾರ್ ಚೆನ್ನಾಗಿಯೇ ಇತ್ತು ಅನ್ನುವುದು ಆಮೇಲೆ ಗೊತ್ತಾದ ಸಂಗತಿ.

ನಿಜವಾದ ಎಡವಟ್ಟು ಟೇಪ್ ಓದುವ ಹೆಡ್ಡಿನ ಓರೆ, ಅಂದರೆ ಅಜಿಮತ್‌ನಲ್ಲಿ ಆಯಿತು. ಹೆಡ್ಡಿನ ಸ್ಕ್ರೂ ತಿರುಗಿಸಿ, ಕೀರಲು ಸದ್ದು ಅತಿ ಚೂಪಾಗಿ ಕೇಳುವ ಕಡೆ ನಿಲ್ಲಿಸಿದೆ. ದುಡ್ಡು ಕೊಟ್ಟು ತಂದ ಗೇಮ್ ಕ್ಯಾಸೆಟ್‌ಗಳು ಸ್ವಲ್ಪ ಸುಧಾರಿಸಿದವು. ಆದರೆ ನಾನೇ ಹಿಂದೆ ಸೇವ್ ಮಾಡಿದ್ದ ಹದಿನಾಲ್ಕು ಕ್ಯಾಸೆಟ್ ಒಂದೇ ಏಟಿಗೆ ಮಂಕಾದವು. ಅವೆಲ್ಲ ಸೊಟ್ಟಗಿದ್ದ ಹೆಡ್ಡಿನಲ್ಲೇ ಬರೆದವು, ಸೊಟ್ಟ ಹೆಡ್ಡಿಗೆ ಮಾತ್ರ ಓದಲು ಬರುತ್ತದೆ! ಸ್ಕ್ರೂ ಮುಟ್ಟುವ ಮೊದಲು ಒಂದು ಗುರುತು ಹಾಕಿಕೊಳ್ಳಿ ಮಾರಾಯ್ರೆ. ನಾನು ಹಾಕಿರಲಿಲ್ಲ.

ಆಗ ಹೊಳೆದದ್ದು ಇದು. ಸ್ಪೆಕ್ಟ್ರಮ್ ಕ್ಯಾಸೆಟ್ ಓದುವುದು ಸದ್ದಿನ ಒಂದೊಂದು ಬಡಿತದ, ಅಂದರೆ ಪಲ್ಸ್‌ಗಳ ಉದ್ದ ಅಳೆದೇ ತಾನೇ? ಸೊನ್ನೆಗೆ ಸುಮಾರು 245 ಮೈಕ್ರೋಸೆಕೆಂಡ್, ಒಂದಕ್ಕೆ ಅದರ ಎರಡರಷ್ಟು, ಶುರುವಿನಲ್ಲಿ ಒಂದೇ ಸಮನೆ ಬರುವ ಪೈಲಟ್ ಟೋನ್‌ಗೆ 620ರ ಹತ್ತಿರ. ಹಾಗಿದ್ದರೆ ರೆಕಾರ್ಡರನ್ನು ಅಳೆಯಲು ಬೇರೆ ಮೀಟರ್ ಯಾಕೆ ಬೇಕು, ಕಂಪ್ಯೂಟರೇ ಸಾಕು. 'ಅಷ್ಟು ಹಳೇ ಡಬ್ಬದಿಂದ ಅದೆಲ್ಲ ಆಗೋ ಮಾತಾ' ಅಂತ ಗೆಳೆಯನೊಬ್ಬ ಗೇಲಿ ಮಾಡಿದ. ಟೇಪಿನ ಸದ್ದು ಒಳಬರುವ ಪೋರ್ಟ್ 254ರ ಆರನೇ ಬಿಟ್ ನೋಡುತ್ತಾ, ಹೆಡರ್‌ನ ಪೈಲಟ್‌ನಲ್ಲಿ ಬರುವ ಎಂಟು ಸಾವಿರ ಚಿಲ್ಲರೆ ಪಲ್ಸ್‌ಗಳ ಉದ್ದವನ್ನು ಒಂದೊಂದು ಬೈಟ್‌ನಲ್ಲಿ ತುಂಬಿಕೊಳ್ಳುವ ಪುಟ್ಟ ಮಷೀನ್ ಕೋಡ್ ಬರೆದೆ. ಆಮೇಲೆ ಬೇಸಿಕ್‌ನಲ್ಲಿ, ಪರದೆಯ 256 ಕಾಲಮ್‌ಗಳಿಗೆ ತಲಾ 31-32 ಪಲ್ಸ್‌ನಂತೆ ಗೆರೆ ಎಳೆಸಿದೆ.

ಮೊದಲ ಗೆರೆ ಗರಗಸದ ಹಲ್ಲಿನಂತೆ ಬಂತು. ಎರಡು ವಾರ ಮೋಟಾರಿಗೆ ಬೈದೆ. ತಪ್ಪು ನನ್ನದೇ. ಕೋಡನ್ನು ಮೆಮರಿಯ 32768ನೇ ಜಾಗಕ್ಕಿಂತ ಕೆಳಗೆ ಇಟ್ಟಿದ್ದೆ, ಅಲ್ಲಿ ಪರದೆ ಬಿಡಿಸುವ ಚಿಪ್ ಯುಎಲ್‌ಎ ಪರದೆಗಾಗಿ ಪ್ರೊಸೆಸರನ್ನು ಆಗಾಗ ತಡೆದು ನಿಲ್ಲಿಸುತ್ತದೆ. ಕೋಡ್ ಮೇಲಕ್ಕೆ ಸರಿಸಿ, ನಡುನಡುವೆ ಪ್ರೊಸೆಸರನ್ನು ಬೇರೆ ಕೆಲಸಕ್ಕೆ ಎಳೆಯುವ ಇಂಟರಪ್ಟ್ ಆಫ್ ಮಾಡಿದ ಮೇಲೆ ಗೆರೆ ತಿಳಿಯಾಯಿತು. ಲೂಪಿನಲ್ಲಿ ಎಣಿಕೆ ಜಾರದ ಹಾಗೆ ಒಂದು ಸಣ್ಣ ಉಪಾಯ ಮಾಡಿದ್ದೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಇನ್ನೊಂದು ತಮಾಷೆ ನೋಡಿ: ಟೇಪೇ ಕೆಟ್ಟಿರುವಾಗ ಈ ಪ್ರೋಗ್ರಾಮನ್ನು ಎಲ್ಲಿ ಸೇವ್ ಮಾಡುವುದು? ಕರೆಂಟ್ ತೆಗೆದಾಗಲೆಲ್ಲ ಮತ್ತೆ ಟೈಪ್ ಮಾಡಬೇಕಿತ್ತು. ನಾಲ್ಕನೇ ಸಲಕ್ಕೆ ಮಾನ ಬಿಟ್ಟು ಲ್ಯಾಪ್‌ಟಾಪಿಗೆ ಆಡಿಯೋ ಫೈಲ್ ಆಗಿ ಇಳಿಸಿಕೊಂಡೆ. ತಲೆ ತಿಂದವರಿಗೆ ಇದನ್ನು ಹೇಳಿರಲಿಲ್ಲ.

ಗೆರೆಯಲ್ಲಿ ಏನಿತ್ತು ಅಂದರೆ, ಐದು ಸೆಕೆಂಡಿನ ಪೈಲಟ್‌ನಲ್ಲಿ ಆರು ಕಡೆ ಉಬ್ಬು ಎದ್ದಿತ್ತು, ಸಮ ಅಂತರದಲ್ಲಿ. ಅಂದರೆ ಸುಮಾರು 0.8 ಸೆಕೆಂಡಿಗೊಮ್ಮೆ ಟೇಪ್ ಮುಗ್ಗರಿಸುತ್ತಿದೆ. ಮೋಟಾರ್ ಆಗಿದ್ದರೆ ಸೆಕೆಂಡಿಗೆ ಹತ್ತಾರು ಸಲ ಕಾಣಬೇಕಿತ್ತು. ಟೇಪ್ ಎಳೆಯುವ ಕಡ್ಡಿಯಾದ ಕ್ಯಾಪ್‌ಸ್ಟನ್ 2 ಮಿಮೀ ದಪ್ಪ, ಅದು ಸೆಕೆಂಡಿಗೆ ಏಳೆಂಟು ಸುತ್ತು ತಿರುಗುತ್ತದೆ. ಟೇಪ್ ಓಡುವುದು ಸೆಕೆಂಡಿಗೆ 4.76 ಸೆಂಮೀ. 0.8 ಸೆಕೆಂಡಿಗೆ ಒಂದು ಸುತ್ತು ಬರಬೇಕಾದರೆ ಸುತ್ತಳತೆ 38 ಮಿಮೀ ಇರಬೇಕು, ಅಡ್ಡಳತೆ 12. ಸ್ಕೇಲ್ ಹಿಡಿದೆ. ಪಿಂಚ್ ರೋಲರ್! ಟೇಪನ್ನು ಆ ಕಡ್ಡಿಗೆ ಒತ್ತಿ ಹಿಡಿಯುವ ರಬ್ಬರ್ ಚಕ್ರ.

ಬಿಚ್ಚಿ ಉಗುರಿನಿಂದ ಸವರಿದಾಗ ಒಂದು ಕಡೆ ಚಪ್ಪಟೆ. ಯಾರೋ ಪುಣ್ಯಾತ್ಮರು ಪ್ಲೇ ಒತ್ತಿದ ಹಾಗೇ ವರ್ಷಗಟ್ಟಲೆ ಎತ್ತಿಟ್ಟಿದ್ದಾರೆ. ಮರಳು ಕಾಗದದಲ್ಲಿ ಉಜ್ಜಿ ದುಂಡಗೆ ಮಾಡಲು ಹೋಗಿ ಇನ್ನೂ ಕೆಡಿಸಿದೆ, ಅದು ಬೇರೆ ಕಥೆ. ಹೊಸ ರೋಲರ್‌ಗೆ ಮೋಟಾರಿನ ಹತ್ತನೇ ಒಂದು ಭಾಗದಷ್ಟೂ ದುಡ್ಡಾಗಲಿಲ್ಲ.

ನಡುವೆ ಕ್ಯಾಸೆಟ್‌ಗಳನ್ನೂ ಅದೇ ಗೆರೆಯಲ್ಲಿ ಇಟ್ಟು ನೋಡಿದೆ. 60 ನಿಮಿಷದವು ನೆಟ್ಟಗೆ, 90ರವು ಪರವಾಗಿಲ್ಲ. 120ರದು ರೋಲರ್‌ಗೇ ಸುತ್ತಿಕೊಂಡು ಹರಿಯಿತು, ಅಷ್ಟು ತೆಳು.

ಗೇಲಿ ಮಾಡಿದ ಗೆಳೆಯ ಈಗ ಅವನ ರೆಕಾರ್ಡರ್ ತಂದಿಟ್ಟು ಹೋಗಿದ್ದಾನೆ. ಮೊದಲು ನನ್ನ ಹದಿನಾಲ್ಕು ಕ್ಯಾಸೆಟ್ ಮುಗಿಯಲಿ. ಸ್ಕ್ರೂವನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಿದಾಗ ಎಂಟು ಓದಿದವು, ಉಳಿದ ಆರಕ್ಕೆ ಇನ್ನೂ ತಿರುಗಿಸುತ್ತಿದ್ದೇನೆ. ಈ ಸಲ ಗುರುತು ಹಾಕಿಕೊಂಡಿದ್ದೇನೆ.