ಜಿಮೇಲ್ ಪುಟದಲ್ಲೇ ನಿಮಗೆ ಬೇಕಾದ ಸುದ್ದಿಯಂಕಣ

ವಿದ್ಯುತ್ ಬಿಲ್ಲು, ರೈಲು ಟಿಕೆಟ್ಟು, ಬ್ಯಾಂಕಿನ ಪತ್ರ. ಇವುಗಳ ನಡುವೆ ದಿನಕ್ಕೆ ಹತ್ತು ಸುದ್ದಿಪತ್ರ ಬಂದು ಬಿದ್ದರೆ ಬಿಲ್ಲು ಕಣ್ತಪ್ಪುತ್ತದೆ, ಸುದ್ದಿಯೂ ಓದದೆ ಉಳಿಯುತ್ತದೆ. ಹಿಂದೆ ಜಿಮೇಲ್‌ನಲ್ಲಿ ವೆಬ್ ಕ್ಲಿಪ್ಸ್ ಎಂಬ ಸೌಲಭ್ಯವಿತ್ತು. ಇನ್‌ಬಾಕ್ಸಿನ ನೆತ್ತಿಯ ಮೇಲೆ ಒಂದೊಂದೇ ಶೀರ್ಷಿಕೆ ಕಾಣಿಸುತ್ತಿತ್ತು. ಹಲವು ಜಾಲತಾಣಗಳ ಹೊಸ ಬರಹಗಳನ್ನು ಒಂದೆಡೆ ತೋರಿಸುತ್ತಿದ್ದ ಗೂಗಲ್ ರೀಡರ್ ಕೂಡ 2013ರ ಜುಲೈ 1ಕ್ಕೆ ಮುಚ್ಚಿತು. ಈಗ ಅಂಥದ್ದನ್ನು ನಾವೇ ಕಟ್ಟಿಕೊಳ್ಳಬೇಕು. ಅರ್ಧ ಗಂಟೆ ಸಾಕು, ಆದರೆ ಕಂಪ್ಯೂಟರಿನ ಬ್ರೌಸರ್‌ನಲ್ಲೇ ಮಾಡಬೇಕು. ಮೊಬೈಲ್ ಆ್ಯಪ್‌ನಲ್ಲಿ ಫಿಲ್ಟರ್ (ಬಂದ ಪತ್ರವನ್ನು ತಾನಾಗಿ ವಿಂಗಡಿಸುವ ನಿಯಮ) ರಚಿಸಲು ಬರುವುದಿಲ್ಲ.

ಕ್ರಮ ತಪ್ಪಬಾರದು: ಮೊದಲು ಸುದ್ದಿಯ ಮೂಲ, ಆಮೇಲೆ ಲೇಬಲ್ (ಪತ್ರಕ್ಕೆ ಅಂಟಿಸುವ ಹೆಸರುಚೀಟಿ) ಮತ್ತು ಫಿಲ್ಟರ್, ಕೊನೆಗೆ ಅಂಕಣ, ಅಂದರೆ ಜಿಮೇಲ್ ಪುಟದಲ್ಲಿ ಆ ಸುದ್ದಿಗಳಷ್ಟೇ ಕಾಣುವ ಭಾಗ. ಹಲವರು ಅಂಕಣದಿಂದ ಶುರುಮಾಡಿ, ಅದು ಖಾಲಿ ಕಂಡಾಗ ಕೈಬಿಡುತ್ತಾರೆ.

ಮೂಲ: ಅಲರ್ಟ್ ಮತ್ತು ಸುದ್ದಿಪತ್ರ

ನೀವು ಕೊಟ್ಟ ವಿಷಯದ ಹೊಸ ಸುದ್ದಿಯನ್ನು ಇಮೇಲಿಗೆ ಕಳುಹಿಸುವ ಸೇವೆ ಗೂಗಲ್ ಅಲರ್ಟ್ಸ್. ಅದರ ಪುಟ ತೆರೆದು ಮೇಲಿನ ಪೆಟ್ಟಿಗೆಯಲ್ಲಿ ವಿಷಯ ಬರೆಯಿರಿ. ಕನ್ನಡದಲ್ಲಿ ಬರೆಯುವವರು ಎಡವುವುದು ಇಲ್ಲೇ. ನಮ್ಮ ಪದಗಳಿಗೆ ವಿಭಕ್ತಿ ಅಂಟುತ್ತದೆ. ಅಡಿಕೆ, ಅಡಿಕೆಗೆ, ಅಡಿಕೆಯ ಎಂಬ ಮೂರೂ ನಮಗೆ ಒಂದೇ ಅಡಿಕೆ. ಹುಡುಕುವ ಯಂತ್ರಕ್ಕೆ ಅವು ಮೂರು ಬೇರೆ ಪದಗಳಾಗಿ ಕಾಣಬಹುದು. ಹಾಗಾಗಿ ಶೀರ್ಷಿಕೆಗಳಲ್ಲಿ ಬದಲಾಗದೆ ಬರುವ ಜೋಡಿಪದವನ್ನೇ ಉದ್ಧರಣ ಚಿಹ್ನೆಯೊಳಗೆ ಕೊಡಿ: "ಅಡಿಕೆ ಧಾರಣೆ", "ಕೊಬ್ಬರಿ ಬೆಲೆ", "ತುಂಗಭದ್ರಾ ಜಲಾಶಯ". ಕಾಗುಣಿತದ ತೊಡಕು ಇನ್ನೊಂದು. ಒಂದು ಪತ್ರಿಕೆ ಅಡಿಕೆ ಎಂದರೆ ಇನ್ನೊಂದು ಅಡಕೆ ಎನ್ನುತ್ತದೆ. ಎರಡೂ ರೂಪ ಬರೆದು, ನಡುವೆ ‘ಅಥವಾ’ ಎಂಬರ್ಥದ ಇಂಗ್ಲಿಷ್ ಪದವನ್ನು (ಓ, ಆರ್) ದೊಡ್ಡಕ್ಷರದಲ್ಲೇ ಹಾಕಿ. ಚಿಕ್ಕಕ್ಷರದಲ್ಲಿ ಹಾಕಿದರೆ ಅದೂ ಒಂದು ಮಾಮೂಲಿ ಪದವಾಗಿಬಿಡುತ್ತದೆ.

ನಂತರ ‘ಶೋ ಆಪ್ಷನ್ಸ್’ ಒತ್ತಿ. ಎಷ್ಟು ಸಲ ಎಂಬಲ್ಲಿ ದಿನಕ್ಕೊಮ್ಮೆ ಸಾಕು. ಸುದ್ದಿ ಬಂದಾಗಲೆಲ್ಲ ಎಂದು ಬಿಟ್ಟರೆ ಚುನಾವಣೆಯಂಥ ವಿಷಯಕ್ಕೆ ಪತ್ರಗಳ ಮಳೆಯಾಗುತ್ತದೆ. ಎಷ್ಟು ಫಲಿತಾಂಶ ಎಂಬಲ್ಲಿ ‘ಆಲ್ ರಿಸಲ್ಟ್ಸ್’ ಆರಿಸಿ. ‘ಬೆಸ್ಟ್’ ಎಂದಿಟ್ಟರೆ ಆಯ್ಕೆ ಗೂಗಲ್‌ನದಾಗುತ್ತದೆ, ಜಿಲ್ಲಾ ಮಟ್ಟದ ಸಣ್ಣ ಸುದ್ದಿ ಜಾರಿಹೋಗಬಹುದು. ಭಾಷೆ ‘ಎನಿ’ ಎಂದೇ ಇರಲಿ, ಕನ್ನಡ ಪದ ಕೊಟ್ಟ ಮೇಲೆ ಬರುವುದು ಕನ್ನಡವೇ. ಗೇರ್ ಗುರುತಿನೊಳಗಿನ ‘ಡೈಜೆಸ್ಟ್’ ಗುಂಡಿಯನ್ನು ಒತ್ತಬೇಡಿ. ಒತ್ತಿದರೆ ಎಲ್ಲ ಅಲರ್ಟುಗಳೂ ಒಂದೇ ಪತ್ರದಲ್ಲಿ ಕಲಸಿ ಬರುತ್ತವೆ, ವಿಷಯವಾರು ಬೇರ್ಪಡಿಸುವ ದಾರಿ ಮುಚ್ಚುತ್ತದೆ.

ಸುದ್ದಿಪತ್ರಗಳಿಗೆ ಉಪಾಯ ಬೇರೆ. ಚಂದಾದಾರರಾಗುವಾಗ ನಿಮ್ಮ ಜಿಮೇಲ್ ಹೆಸರಿನ ನಂತರ, ಆ್ಯಟ್ ಚಿಹ್ನೆಗೆ ಮೊದಲು, ಕೂಡುವ ಚಿಹ್ನೆ ಹಾಕಿ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಪದ ಸೇರಿಸಿ: ‘ಪ್ಲಸ್ ಸುದ್ದಿ’, ‘ಪ್ಲಸ್ ಕೃಷಿ’ ಎಂಬಂತೆ. ಪತ್ರ ನಿಮ್ಮ ಅದೇ ಖಾತೆಗೆ ಬರುತ್ತದೆ, ಆದರೆ ವಿಳಾಸದಲ್ಲೇ ಗುರುತು ಉಳಿಯುತ್ತದೆ. ಕಳುಹಿಸುವವರು ತಮ್ಮ ವಿಳಾಸ ಬದಲಿಸಿದರೂ ನಿಮ್ಮ ಫಿಲ್ಟರ್ ಕೆಡದು. ಕೆಲವು ಜಾಲತಾಣಗಳ ಫಾರ್ಮ್ ಕೂಡುವ ಚಿಹ್ನೆಯನ್ನು ಒಪ್ಪುವುದಿಲ್ಲ. ಅಲ್ಲಿ ಮಾಮೂಲಿ ವಿಳಾಸ ಕೊಟ್ಟು, ಕಳುಹಿಸಿದವರ ವಿಳಾಸದ ಮೇಲೆ ಫಿಲ್ಟರ್ ಹಾಕಿ.

ಲೇಬಲ್, ಫಿಲ್ಟರ್

ಹುಡುಕು ಪಟ್ಟಿಯ ಬಲತುದಿಯಲ್ಲಿರುವ ಗೆರೆಗಳ ಗುರುತು ಒತ್ತಿ. ಸುದ್ದಿಪತ್ರಕ್ಕಾದರೆ ‘ಟು’ ಜಾಗದಲ್ಲಿ ಪ್ಲಸ್ ಇರುವ ವಿಳಾಸ ತುಂಬಿ. ಅಲರ್ಟಿಗಾದರೆ ‘ಫ್ರಮ್’ ಜಾಗದಲ್ಲಿ ಅಲರ್ಟ್ ಕಳುಹಿಸುವ ವಿಳಾಸ, ‘ಸಬ್ಜೆಕ್ಟ್’ ಜಾಗದಲ್ಲಿ ನೀವು ಕೊಟ್ಟ ಜೋಡಿಪದ. ಅಲರ್ಟ್ ಪತ್ರದ ವಿಷಯಸಾಲಿನಲ್ಲಿ ಅದು ಇದ್ದಂತೆಯೇ ಬರುತ್ತದೆ. ಪತ್ರದ ಒಡಲಿನ ಕನ್ನಡ ಪದವನ್ನು ಮಾತ್ರ ನಂಬಬೇಡಿ: ಜಿಮೇಲ್ ಪದದ ತುಂಡನ್ನು ಹುಡುಕುವುದಿಲ್ಲ, ಇಡೀ ಪದವನ್ನು ಹುಡುಕುತ್ತದೆ. ‘ಮಳೆ’ ಎಂದು ಕೊಟ್ಟರೆ ‘ಮಳೆಯಿಂದ’ ತಪ್ಪಿಹೋಗುತ್ತದೆ.

‘ಕ್ರಿಯೇಟ್ ಫಿಲ್ಟರ್’ ಒತ್ತಿದಾಗ ಬರುವ ಪಟ್ಟಿಯಲ್ಲಿ ನಾಲ್ಕಕ್ಕೆ ಗುರುತು ಹಾಕಿ: ‘ಸ್ಕಿಪ್ ದಿ ಇನ್‌ಬಾಕ್ಸ್’, ‘ಅಪ್ಲೈ ದಿ ಲೇಬಲ್’ (ಇಲ್ಲೇ ಹೊಸ ಲೇಬಲ್ ರಚಿಸಬಹುದು), ‘ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್’, ಮತ್ತು ಹಳೆಯ ಪತ್ರಗಳಿಗೂ ಅನ್ವಯಿಸುವ ಕೊನೆಯ ಸಾಲು. ಕೊನೆಯದನ್ನು ಮರೆತರೆ ಇಂದಿನಿಂದ ಬರುವ ಪತ್ರಗಳಷ್ಟೇ ಲೇಬಲ್ಲಿಗೆ ಸೇರುತ್ತವೆ. ಲೇಬಲ್ ಹೆಸರನ್ನು ಕನ್ನಡದಲ್ಲೇ ಇಡಬಹುದು, ಒಂದೇ ಪದವಿರಲಿ. ನಡುವೆ ಜಾಗ ಬಿಟ್ಟರೆ ಮುಂದಿನ ಹಂತದಲ್ಲಿ ಆ ಜಾಗಕ್ಕೆ ಅಡ್ಡಗೆರೆ ಹಾಕಬೇಕಾಗುತ್ತದೆ.

ಅಂಕಣ

ಬಲಮೇಲಿನ ಗೇರ್ ಗುರುತು, ‘ಸೀ ಆಲ್ ಸೆಟ್ಟಿಂಗ್ಸ್’, ‘ಇನ್‌ಬಾಕ್ಸ್’ ಟ್ಯಾಬ್. ಇನ್‌ಬಾಕ್ಸ್ ಬಗೆಯಾಗಿ ‘ಮಲ್ಟಿಪಲ್ ಇನ್‌ಬಾಕ್ಸಸ್’ ಆರಿಸಿದರೆ ಐದು ಸಾಲು ತೆರೆಯುತ್ತದೆ. ಪ್ರತಿ ಸಾಲಿನ ಎಡಕ್ಕೆ ಹುಡುಕಾಟದ ಸೂತ್ರ, ಬಲಕ್ಕೆ ಅಂಕಣದ ಹೆಸರು. ಸೂತ್ರ ಹೀಗೆ: ಇಂಗ್ಲಿಷಿನಲ್ಲಿ ಲೇಬಲ್ ಎಂದು ಬರೆದು ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ಲೇಬಲ್ಲಿನ ಹೆಸರು, ಒಂದು ಜಾಗ ಬಿಟ್ಟು ‘ಇಸ್’, ಕೋಲನ್, ‘ಅನ್‌ರೆಡ್’, ಇವೂ ಇಂಗ್ಲಿಷಿನಲ್ಲೇ. ಈ ಎರಡನೆಯ ಭಾಗದಿಂದ ಓದಿದ್ದು ತಾನಾಗಿ ಅಂಕಣದಿಂದ ಕಳಚಿಕೊಳ್ಳುತ್ತದೆ. ಮತ್ತೆ ಬೇಕಾದ ಪತ್ರಕ್ಕೆ ನಕ್ಷತ್ರ ಹಾಕಿ, ನಕ್ಷತ್ರದವಕ್ಕೆ ಇನ್ನೊಂದು ಸಾಲು ಮೀಸಲಿಡಿ. ಕೆಳಗೆ ಪ್ರತಿ ಅಂಕಣಕ್ಕೆ ಎಷ್ಟು ಪತ್ರ ಎಂಬಲ್ಲಿ ಐದಾರು ಸಾಕು. ಅಗಲ ಪರದೆಯಿದ್ದರೆ ಬಲಬದಿ ಆರಿಸಿ, ಸಣ್ಣ ಲ್ಯಾಪ್‌ಟಾಪ್‌ನಲ್ಲಿ ಇನ್‌ಬಾಕ್ಸಿನ ಕೆಳಗೆ. ಪುಟದ ತಳದ ‘ಸೇವ್ ಚೇಂಜಸ್’ ಒತ್ತದೆ ಹೊರಬಂದರೆ ಮಾಡಿದ್ದೆಲ್ಲ ವ್ಯರ್ಥ.

ಈ ಬಗೆ ಆರಿಸಿದೊಡನೆ ಪ್ರಮೋಷನ್ಸ್, ಸೋಷಿಯಲ್ ಮುಂತಾದ ಟ್ಯಾಬ್‌ಗಳು ಮಾಯವಾಗುತ್ತವೆ. ಅವುಗಳಲ್ಲಿದ್ದ ಜಾಹೀರಾತು ಪತ್ರಗಳು ಮುಖ್ಯ ಪಟ್ಟಿಗೆ ಬಂದು ನಿಲ್ಲುವುದರಿಂದ ಮೊದಲ ವಾರ ಗದ್ದಲವೆನಿಸುತ್ತದೆ. ಬೇಡದವುಗಳ ಚಂದಾ ರದ್ದುಮಾಡಲು ಇದೇ ಒಳ್ಳೆಯ ಸಮಯ.

ಕನ್ನಡದ ಉದ್ದನೆಯ ಸುದ್ದಿಪತ್ರ ಅರ್ಧಕ್ಕೇ ನಿಂತಿದ್ದರೆ ಗಾಬರಿ ಬೇಡ. ಪತ್ರ ಸುಮಾರು 102 ಕಿಲೋಬೈಟ್ ಮೀರಿದರೆ ಜಿಮೇಲ್ ಉಳಿದದ್ದನ್ನು ಕತ್ತರಿಸಿ ‘ವ್ಯೂ ಎಂಟೈರ್ ಮೆಸೇಜ್’ ಕೊಂಡಿ ಇಡುತ್ತದೆ. ಕಂಪ್ಯೂಟರ್ ಅಕ್ಷರಗಳನ್ನು ಉಳಿಸಿಡುವ ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್. ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಒಳಗೆ ಆರು ಸಂಕೇತ, 18 ಬೈಟ್. ಹಾಗಾಗಿ ಕನ್ನಡ ಪತ್ರ ಬೇಗ ಆ ಮಿತಿ ಮುಟ್ಟುತ್ತದೆ. ಚಂದಾ ರದ್ದುಮಾಡುವ ಕೊಂಡಿ ಸಾಮಾನ್ಯವಾಗಿ ಆ ಕತ್ತರಿಸಿದ ಭಾಗದಲ್ಲೇ ಇರುತ್ತದೆ.

ಇನ್‌ಬಾಕ್ಸ್ ತಪ್ಪಿಸಿ ಬಂದ ಪತ್ರಕ್ಕೆ ಫೋನ್ ಸದ್ದು ಮಾಡುವುದಿಲ್ಲ. ತುಂಗಭದ್ರೆಯ ನೀರಿನ ಮಟ್ಟದಂಥ ತುರ್ತು ವಿಷಯಕ್ಕೆ ಮಾತ್ರ ಸದ್ದು ಬೇಕಿದ್ದರೆ ಆಂಡ್ರಾಯ್ಡ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಮ್ಯಾನೇಜ್ ಲೇಬಲ್ಸ್’ ತೆರೆದು, ಆ ಲೇಬಲ್ಲಿಗೆ ಮೊದಲು ಸಿಂಕ್, ನಂತರ ನೋಟಿಫಿಕೇಷನ್ ಆನ್ ಮಾಡಿ.

ಉಚಿತ ಖಾತೆಯ 15 ಜಿಬಿ ಜಾಗವನ್ನು ಡ್ರೈವ್ ಮತ್ತು ಫೋಟೊಸ್ ಕೂಡ ಹಂಚಿಕೊಳ್ಳುವುದರಿಂದ ತಿಂಗಳಿಗೊಮ್ಮೆ ಲೇಬಲ್ ತೆರೆದು ಹಳೆಯದನ್ನು ಅಳಿಸಿ. ಮೇಲಿನ ಚೌಕ ಒತ್ತಿದರೆ ಆಯ್ಕೆಯಾಗುವುದು ಆ ಪುಟದಲ್ಲಿ ಕಾಣುವಷ್ಟೇ, ಸಾಮಾನ್ಯವಾಗಿ 50. ಆಗ ಪಟ್ಟಿಯ ಮೇಲೆ ಮೂಡುವ ‘ಸೆಲೆಕ್ಟ್ ಆಲ್’ ಸಾಲನ್ನೂ ಒತ್ತಿದರೆ ಪೂರ್ತಿ ಲೇಬಲ್ ಆಯ್ಕೆಯಾಗುತ್ತದೆ. ಅಳಿಸಿದ್ದು 30 ದಿನ ಟ್ರ್ಯಾಶ್‌ನಲ್ಲಿರುತ್ತದೆ. ಕೈತಪ್ಪಿ ಅಳಿಸಿದ ಪತ್ರವನ್ನು ಅಷ್ಟರೊಳಗೆ ಅಲ್ಲಿಂದ ವಾಪಸು ತರಬಹುದು.