ಕೆಲಸ ಹೋದಾಗ ಮೊದಲು ನಿಲ್ಲಿಸಿದ್ದು ಬ್ಯಾಂಕಿನ ಚಾರ್ಜು

ಹುಬ್ಬಳ್ಳಿ ಹತ್ತಿರದ ತಾರಿಹಾಳದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ಆರ್ಡರ್ ಕಡಿಮೆಯಾಯಿತು ಅಂತ ಕೆಲವರನ್ನು ತೆಗೆದರು, ಅದರಲ್ಲಿ ನಾನೂ ಒಬ್ಬ. ಬೈಕಿನ ಸಾಲ ಇತ್ತು, ಕ್ರೆಡಿಟ್ ಕಾರ್ಡಿನ ಬಾಕಿ ಇತ್ತು. ಎರಡೂ ಸೇರಿದರೂ ಊರು ಬಿಟ್ಟು ಓಡುವಷ್ಟೇನೂ ಇರಲಿಲ್ಲ. ಸಾಲಕ್ಕಿಂತ ಜಾಸ್ತಿ ಕಾಡಿದ್ದು ಅದರ ಮೇಲೆ ಬಿದ್ದ ಚಾರ್ಜುಗಳು.

ಸಂಬಳದ ಖಾತೆಗೆ ಮಿನಿಮಮ್ ಬ್ಯಾಲೆನ್ಸ್ ಬೇಕಿಲ್ಲ. ಆದರೆ ಮೂರು ತಿಂಗಳು ಸಂಬಳ ಬೀಳದಿದ್ದರೆ ಬಹಳಷ್ಟು ಬ್ಯಾಂಕುಗಳು ಅದನ್ನು ಮಾಮೂಲಿ ಉಳಿತಾಯ ಖಾತೆ ಮಾಡಿಬಿಡುತ್ತವೆ, ಅಲ್ಲಿಂದ ದಂಡ ಶುರು. ಇತ್ತ 5ನೇ ತಾರೀಖಿಗೆ ಬೈಕಿನ ಕಂತು ಬರುತ್ತದೆ, ದುಡ್ಡಿಲ್ಲ, ಬೌನ್ಸ್. ನನ್ನ ಬ್ಯಾಂಕು 500 ರೂಪಾಯಿ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ, ಒಟ್ಟು 590 ಹಾಕಿತು. ಫೈನಾನ್ಸಿನವರ ಬೌನ್ಸ್ ಚಾರ್ಜು ಬೇರೆ. ಅದೇ ಕಂತನ್ನು ಮತ್ತೆ ಎರಡು ಸಲ ಕಳಿಸಿದರು, ಸಲಕ್ಕೆ 590. ಅವ್ವನ ಔಷಧಕ್ಕೆ ಅಂತ ಗದಗಿನಿಂದ ಅಕ್ಕ 2,000 ಹಾಕಿದ್ದಳು. ಮೆಡಿಕಲ್ ಅಂಗಡಿಯಲ್ಲಿ ಫೋನ್‌ಪೇ ಮಾಡಿದರೆ ಹೋಗಲಿಲ್ಲ. ನೋಡಿದರೆ ಮೂರು ಬೌನ್ಸಿನ 1,770 ಮುರಿದುಕೊಂಡು ಖಾತೆಯಲ್ಲಿ 230 ಬಿಟ್ಟಿದ್ದರು. ಔಷಧವನ್ನು ಉದ್ರಿ ತಂದೆ.

ತೂತು ಕೊಡಕ್ಕೆ ಎಷ್ಟು ನೀರು ಸುರಿದರೇನು? ಮೊದಲು ಬೇರೆ ಬ್ಯಾಂಕಿನಲ್ಲಿ ಒಂದು ಖಾತೆ ತೆರೆದೆ, ಅಲ್ಲಿ ನನ್ನ ಸಾಲವೂ ಇಲ್ಲ, ಕಂತು ಹಿಡಿಯಲು ಬರೆದುಕೊಟ್ಟ ಒಪ್ಪಿಗೆಯೂ ಇಲ್ಲ. ಮನೆ ಖರ್ಚಿನ ದುಡ್ಡೆಲ್ಲ ಅಲ್ಲಿಗೇ. ಈಗ ಸ್ಟೇಟ್ ಬ್ಯಾಂಕಿನಲ್ಲಿ 2020ರಿಂದ, ಕೆನರಾದಲ್ಲಿ 2025ರ ಜೂನ್‌ನಿಂದ ಉಳಿತಾಯ ಖಾತೆಗೆ ಮಿನಿಮಮ್ ಬ್ಯಾಲೆನ್ಸ್ ದಂಡ ಇಲ್ಲ, ಹಾಗಾಗಿ ಇದು ಕಷ್ಟದ ಕೆಲಸವಲ್ಲ.

ಆಮೇಲೆ ಹಳೇ ಬ್ಯಾಂಕು. ವಿದ್ಯಾನಗರದ ಜೆರಾಕ್ಸ್ ಅಂಗಡಿಯಲ್ಲಿ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆಸಿ, ಚಾರ್ಜುಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಜೊತೆಗೆ ಅರ್ಜಿ ಬರೆದೆ. 2015ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಆರ್‌ಬಿಐ ನಿಯಮ ಇದೆ: ಬ್ಯಾಲೆನ್ಸ್ ಕಡಿಮೆಯಾದರೆ ಮೊದಲು ಗ್ರಾಹಕರಿಗೆ ತಿಳಿಸಿ ಒಂದು ತಿಂಗಳು ಟೈಮ್ ಕೊಡಬೇಕು, ದಂಡ ಎಷ್ಟು ಕೊರತೆಯೋ ಅದಕ್ಕೆ ತಕ್ಕಷ್ಟಿರಬೇಕು, ಬರೀ ಈ ದಂಡದಿಂದ ಖಾತೆ ಮೈನಸ್‌ಗೆ ಹೋಗಬಾರದು. ನನಗೆ ಒಂದು ಮೆಸೇಜೂ ಬಂದಿರಲಿಲ್ಲ. ಅದನ್ನೇ ಬರೆದೆ, ಇದನ್ನು ಬೇಸಿಕ್ ಉಳಿತಾಯ ಖಾತೆಯಾಗಿ ಬದಲಿಸಿಕೊಡಿ ಅಂತಲೂ ಕೇಳಿದೆ. ಅದಕ್ಕೆ ಮಿನಿಮಮ್ ಬ್ಯಾಲೆನ್ಸೇ ಇಲ್ಲ.

ಕೌಂಟರಿನವರು, "ಅದು ಹೊಸದಾಗಿ ಖಾತೆ ತೆಗಿಯೋರಿಗೆ ಅಷ್ಟ ರೀ" ಅಂದರು. "ಹಂಗಂತ ಬರದು ಕೊಡ್ರಿ ಸರ್" ಅಂದೆ. ಅರ್ಜಿ ಸೀದಾ ಮ್ಯಾನೇಜರ್ ಟೇಬಲ್ಲಿಗೆ ಹೋಯಿತು. ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೆ. ಆ ಸೀಲು ಬಹಳ ಮುಖ್ಯ. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ಕೊಡಬಹುದು, ಫೀಸಿಲ್ಲ, ವಿಚಾರಿಸಲು 14448 ನಂಬರ್ ಇದೆ. ನನಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಮಿನಿಮಮ್ ಬ್ಯಾಲೆನ್ಸ್ ದಂಡ ವಾಪಸ್ ಬಂತು. ಬೌನ್ಸ್ ಚಾರ್ಜು ಬರಲಿಲ್ಲ, ಅದನ್ನು ಬಿಟ್ಟೆ.

ಕಾರ್ಡಿನ ಬಡ್ಡಿ ತಿಂಗಳಿಗೆ ಶೇಕಡಾ 3.5, ಅಂದರೆ ವರ್ಷಕ್ಕೆ 42. ಮಿನಿಮಮ್ ಡ್ಯೂ, ಅಂದರೆ ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ ಅಷ್ಟೇ ಕಟ್ಟುತ್ತಾ ಕೂತರೆ ಅಸಲು ಅಲ್ಲಾಡುವುದೇ ಇಲ್ಲ. ಹೆಂಡತಿಯೇ ಪಾಟ್ಲಿ ತೆಗೆದುಕೊಟ್ಟಳು. ಸೊಸೈಟಿಯಲ್ಲಿ ಅಡವಿಟ್ಟು ಕಾರ್ಡು ತೀರಿಸಿ, ಮುಚ್ಚಿಸಿಬಿಟ್ಟೆ. ಬಂಗಾರದ ಸಾಲಕ್ಕೂ ಬಡ್ಡಿ ಇದೆ, ಆದರೆ 42 ಎಲ್ಲಿ, 11 ಎಲ್ಲಿ? "ಸೆಟಲ್‌ಮೆಂಟ್ ಮಾಡ್ಕೊಳ್ರಿ" ಅಂತ, ಅಂದರೆ ಬಾಕಿಗಿಂತ ಕಡಿಮೆ ಕಟ್ಟಿ ಮುಗಿಸಿಕೊಳ್ಳಿ ಅಂತ, ಕಾರ್ಡು ತೀರಿಸುವ ಮುಂಚೆ ಕಾರ್ಡಿನವರ ಫೋನು ಬರುತ್ತಲೇ ಇತ್ತು. ನಮ್ಮ ಸಾಲಗಳ ದಾಖಲೆ ಇಡುವ ಸಿಬಿಲ್‌ನಲ್ಲಿ ಅದು 'ಸೆಟಲ್ಡ್' ಅಂತ ಕೂತುಬಿಡುತ್ತದೆ, ಮುಂದೆ ಸಾಲ ಕೇಳಿದಾಗ ಅಡ್ಡ ಬರುತ್ತದೆ, ಅದಕ್ಕೇ ಬೇಡ ಅಂದೆ. ವಸೂಲಿಯವರು ಬೆಳಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ರಾತ್ರಿ ಬಂದ ಕರೆಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದೇನೆ ಅಂದ ಮೇಲೆ ಅವು ನಿಂತವು.

ಫೈನಾನ್ಸಿನವರ ಹತ್ತಿರ ಕಂತು ಕಡಿಮೆ ಮಾಡಿ ಅವಧಿ ಉದ್ದ ಮಾಡಿಸಿಕೊಂಡೆ. ಇದರಿಂದ ಒಟ್ಟು ಬಡ್ಡಿ ಜಾಸ್ತಿ ಆಗುತ್ತದೆ, ಗೊತ್ತಿದ್ದೇ ಒಪ್ಪಿದೆ. ತಡವಾದದ್ದಕ್ಕೆ ಹಾಕಿದ ದಂಡದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ ಅಂತ ಆರ್‌ಬಿಐ 2023ರಲ್ಲೇ ಹೇಳಿದೆ, ಹಾಗಾಗಿ ಅವರ ಲೆಕ್ಕದ ಚೀಟಿಯನ್ನೂ ಸಾಲು ಸಾಲಾಗಿ ನೋಡಿದೆ. ಈಗ ಕೊಪ್ಪಿಕರ್ ರೋಡಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಕಂತನ್ನು ನಾಲ್ಕೈದು ದಿನ ಮುಂಚೆಯೇ ಅವರ ಬ್ರಾಂಚಿಗೆ ಹೋಗಿ ಕಟ್ಟಿ ರಸೀದಿ ತರುತ್ತೇನೆ. ಹಿಂದಿನ ದಿನ ಕಟ್ಟಿದರೆ ಸಾಲದು, ಅಷ್ಟರಲ್ಲಿ ಕಂತಿನ ಪಟ್ಟಿ ಬ್ಯಾಂಕಿಗೆ ಹೋಗಿಬಿಟ್ಟಿರುತ್ತದೆ.